ಸುರಪುರದ ಬಂದೂಕು

ಗಾಳಿಯಲ್ಲಿ ಹಾರಿಬಿಟ್ಟ ಮಣ್ಣಿನ ಬಿಲ್ಲೆಯನ್ನು ಚರೆಬಂದೂಕಿನಿಂದ ಹೊಡೆದು ಪುಡಿಮಾಡುವುದು ಈಗ ಜಗತ್ತಿನ ಮಾನ್ಯ ಕ್ರೀಡೆಗಳಲ್ಲಿ ಒಂದು. ಒಂದೇ ಗುಂಡಿಗೆ ಬದಲಾಗಿ ನೂರಾರು ಸಣ್ಣ ಸೀಸದ ಚರೆಗಳನ್ನು ಒಮ್ಮೆಗೇ ಬೀರುವ ಬಂದೂಕು ಇದಕ್ಕೆ ಸಾಧನ. ಈ ಆಟವನ್ನು ಕಲಿಯಬೇಕೆಂದು ಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ, ಯಾವ ಬಂದೂಕನ್ನು ಕೊಳ್ಳಬೇಕೆಂಬುದು. ಅಂಗಡಿಯವನು ಬೆಲೆಯನ್ನು ಹೇಳಿಯಾನು. ಸ್ನೇಹಿತನು ತನ್ನ ಬಂದೂಕನ್ನೇ ಹೊಗಳಿಯಾನು. ಇವರಿಬ್ಬರನ್ನೂ ಬಿಟ್ಟು ಇತಿಹಾಸವನ್ನು ಕೇಳಿದರೆ ಏನು ಉತ್ತರ ದೊರೆಯುವುದೆಂಬುದನ್ನು ನಾವು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಕನ್ನಡನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾದರೆ ಸುರಪುರಕ್ಕೆ ಹೋಗಬೇಕು. ಅಲ್ಲಿಯ ಬೇಡರಿಗೆ ಬಂದೂಕು ಅಲಂಕಾರವಾಗಿರಲಿಲ್ಲ, ವಿನೋದವೂ ಆಗಿರಲಿಲ್ಲ. ಅವರ ಸಂಸ್ಥಾನವು ನಿಂತದ್ದೇ ಅದರ ಬಲದಿಂದ, ಅಳಿದದ್ದೂ ಅದರ ಕಾರಣದಿಂದ. ಬಂದೂಕನ್ನು ಆರಿಸುವುದೆಂದರೆ ಏನೇನನ್ನು ತೂಗಿ ನೋಡುವುದೆಂಬುದು ಅವರ ಕಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಆ ನಾಡಿನ ಲಕ್ಷಣವನ್ನು ನೋಡೋಣ. ಯಾದಗಿರಿಯು ಭೀಮಾನದಿಗೆ ಸಮೀಪವಾಗಿದೆ. ಶಹಾಪುರ ಸುರಪುರಗಳು ಭೀಮೆಗೂ ಕೃಷ್ಣೆಗೂ ನಡುವಣ ಪ್ರದೇಶದಲ್ಲಿವೆ. 2009ರ ಡಿಸೆಂಬರ್ ಕೊನೆಯಲ್ಲಿ ಗುಲ್ಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದ ಭಾಗವೇ ಇದು. ಎರೆಯ ಬಯಲಿನ ನಡುವೆ ಒಮ್ಮೆಗೇ ಮೇಲೆದ್ದ ಕರಿಗಲ್ಲಿನ ಗುಡ್ಡಗಳು, ಒಂದರ ಮೇಲೊಂದು ಪೇರಿಸಿಟ್ಟಂತಹ ಹೆಬ್ಬಂಡೆಗಳು, ಅವುಗಳ ಸಂದಿನಲ್ಲಿ ಮುಳ್ಳುಪೊದೆ. ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟಸಾಲನ್ನು ಕಂಡವರಿಗೆ ಈ ನೆಲದ ರೂಪ ಗೊತ್ತೇ ಇದೆ. ಇಂತಹ ನಾಡಿನಲ್ಲಿ ಬಯಲಿನಲ್ಲಿ ಸಾಲುಗಟ್ಟಿ ನಿಂತು ಯುದ್ಧಮಾಡುವವನಿಗಿಂತ, ಬಂಡೆಯ ಮರೆಯಲ್ಲಿ ಕುಳಿತು ಒಂದೊಂದು ಗುಂಡನ್ನೂ ಗುರಿಯಿಟ್ಟು ಹೊಡೆಯಬಲ್ಲವನೇ ಬಲಶಾಲಿ.

ಗುರಿಕಾರರ ಬೆಲೆಯೇನೆಂಬುದು ಈ ಸೀಮೆಯ ನೆರೆಯಲ್ಲಿಯೇ ಬಹು ಹಿಂದೆ ಒಮ್ಮೆ ತಿಳಿದಿದ್ದಿತು. ಕೃಷ್ಣೆಯ ಆಚೆಗಿರುವ ರಾಯಚೂರನ್ನು 1520ರಲ್ಲಿ ಕೃಷ್ಣದೇವರಾಯನು ಮುತ್ತಿದಾಗ, ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಕೆಲವೇ ಬಂದೂಕಿನವರೊಡನೆ ಕೋಟೆಯ ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಕೆಡಹಿ, ಗೋಡೆಯ ಕೆಳಗೆ ಕಲ್ಲು ಕೀಳುತ್ತಿದ್ದವರಿಗೆ ಅವಕಾಶ ಮಾಡಿಕೊಟ್ಟನೆಂದು ನೂನಿಜ್ ಎಂಬ ಅವನ ದೇಶದವನೇ ಬರೆದಿದ್ದಾನೆ. ಅಲ್ಲಿಂದಾಚೆಗೆ ದಖ್ಖನದಲ್ಲೆಲ್ಲ ಬಂದೂಕು ಹರಡಿತು. ಊರ ಕಮ್ಮಾರರೂ ಅದನ್ನು ಮಾಡಲು ಕಲಿತರು. ಹದಿನೇಳನೆಯ ಶತಮಾನದ ಹೊತ್ತಿಗೆ ಬಿಲ್ಲುಬಾಣಗಳ ಬೇಡನು ಬಂದೂಕಿನ ಬೇಡನಾಗಿದ್ದನು.

ಆ ಬಂದೂಕು ಜಾಮಗಿಯ ಬಂದೂಕು. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಯಿಂದ ಹಾಕಿ, ಗಜದಿಂದ ಜಡಿದು, ಪಕ್ಕದ ಬಟ್ಟಲಿಗೆ ರಂಜಕವನ್ನು ತುಂಬಬೇಕು. ಹೊತ್ತಿಕೊಂಡೇ ಇರುವ ಜಾಮಗಿ, ಎಂದರೆ ನೂಲಿನ ಬತ್ತಿ, ಕುದುರೆಯನ್ನು ಎಳೆದೊಡನೆ ಬಟ್ಟಲಿಗೆ ಬಾಗುವುದು. ರಂಜಕವು ಹೊತ್ತಿಕೊಂಡು, ಬೆಂಕಿಯು ಕಿವಿಯ ಮೂಲಕ ಒಳಕ್ಕೆ ಹೋಗಿ, ಗುಂಡು ಹೊರಡುವುದು. ನಳಿಗೆ ಉದ್ದ, ಭಾರ. ಹಿಂಬದಿಯ ಮರವು ಕಿರಿದು, ನೇರ. ಮಳೆ ಬಂದರೆ ಇದು ಕೆಲಸಕ್ಕೆ ಬಾರದು. ಇರುಳಿನಲ್ಲಿ ಬತ್ತಿಯ ಕಿಡಿಯು ಹಗೆಗೆ ಸುಳಿವು ಕೊಡುವುದು. ಇಷ್ಟೆಲ್ಲ ದೋಷಗಳಿದ್ದರೂ, ಮುಂದೆ ಕುಂಪಣಿಯ ಸಿಪಾಯಿಗಳು ಚಕಮಕಿ ಕಲ್ಲಿನ ಬಂದೂಕನ್ನು ಹಿಡಿದ ಮೇಲೆಯೂ, ನಮ್ಮ ನಾಡಿನ ಅನೇಕ ಗುರಿಕಾರರು ಜಾಮಗಿಯನ್ನು ಬಿಡಲಿಲ್ಲ. ಇದು ಅಜ್ಞಾನವೆಂದು ಕೆಲವರು ಹೇಳಿಯಾರು. ಸಾವಧಾನವಾಗಿ ನೋಡಿದರೆ ಹಾಗೆ ಕಾಣದು. ಚಕಮಕಿಯ ಬಂದೂಕಿನಲ್ಲಿ ಕಲ್ಲು ಉಕ್ಕಿಗೆ ಬಡಿಯುವ ಹೊಡೆತಕ್ಕೆ ನಳಿಗೆ ಅಲುಗುತ್ತದೆ. ಜಾಮಗಿಯದರಲ್ಲಿ ಬತ್ತಿಯು ಮೆತ್ತಗೆ ಬಂದು ಇಳಿಯುತ್ತದೆ. ಬಂಡೆಗೆ ನಳಿಗೆಯನ್ನು ಆನಿಸಿ, ಉಸಿರು ಹಿಡಿದು, ದೂರದ ಒಬ್ಬನ ಮೇಲೆ ಗುರಿಯಿಡುವವನಿಗೆ ಈ ಮೆತ್ತನೆಯ ಚಲನೆಯೇ ಮುಖ್ಯ. ಮೇಲಾಗಿ ಇದರಲ್ಲಿ ಕೆಡುವ ಭಾಗಗಳು ಕಡಿಮೆ. ಕೆಟ್ಟರೆ ಊರ ಕಮ್ಮಾರನು ಸರಿಮಾಡಬಲ್ಲನು. ಬೇಗಬೇಗನೆ ಹಾರಿಸಬೇಕಾದ ದಂಡಿಗೆ ಚಕಮಕಿ ಒಳ್ಳೆಯದು. ಒಂದೇ ಗುಂಡಿನಿಂದ ಕೆಲಸವನ್ನು ಮುಗಿಸಬೇಕಾದವನಿಗೆ ಜಾಮಗಿ ಒಳ್ಳೆಯದು. ಬಂದೂಕಿನ ಗುಣವು ಬಂದೂಕಿನಲ್ಲಿ ಮಾತ್ರ ಇಲ್ಲ, ಅದಕ್ಕೆ ಎದುರಾಗುವ ಗುರಿಯಲ್ಲಿಯೂ ಇದೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಆಯ್ಕೆಯ ಪರೀಕ್ಷೆಯು ಔರಂಗಜೇಬನ ಕಾಲದಲ್ಲಿ ನಡೆಯಿತು. ಬೇಡನಾಯಕರ ಹಿಂದಿನ ನೆಲೆಯು ಶಹಾಪುರದ ಬಳಿಯ ಸಗರ. ಗೋಲ್ಕೊಂಡೆಯು ಬಿದ್ದ ಮೇಲೆ, 1687ರ ಕೊನೆಯಲ್ಲಿ, ಅದು ಪಾಮನಾಯಕನ ಕೈಯಿಂದ ಮೊಗಲರ ವಶವಾಗಿ ನುಸ್ರತಾಬಾದ್ ಎಂಬ ಹೆಸರನ್ನು ಪಡೆಯಿತು. ಅವನ ತರುವಾಯ ಪಿಡ್ಡನಾಯಕನು ಸುರಪುರಕ್ಕೆ ಕೆಲವು ಮೈಲಿ ಪಶ್ಚಿಮಕ್ಕಿರುವ ವಾಗಣಗೇರಿಯ ಗುಡ್ಡವನ್ನು ಭದ್ರಪಡಿಸಿಕೊಂಡು, ಮೊಗಲರಿಗೆ ಒಮ್ಮೆ ತಲೆಬಾಗುತ್ತ ಒಮ್ಮೆ ತಿರುಗಿ ಬೀಳುತ್ತ ಬಲವನ್ನು ಕೂಡಿಸಿದನು. 1705ರ ಫೆಬ್ರವರಿಯಲ್ಲಿ ಬಾದಶಹನು ಸ್ವತಃ ದಂಡೆತ್ತಿ ಬಂದನು. ಆಗ ಅವನಿಗೆ ಎಂಬತ್ತಾರು ವರ್ಷ. ಬಿಜಾಪುರವನ್ನೂ ಗೋಲ್ಕೊಂಡೆಯನ್ನೂ ನುಂಗಿದ ಸೈನ್ಯವು ಒಬ್ಬ ಪಾಳೆಯಗಾರನ ಗುಡ್ಡದ ಮುಂದೆ ಸುಮಾರು ಮೂರು ತಿಂಗಳು ನಿಂತಿತು. ಮೊಗಲರ ಚರಿತ್ರಕಾರರು ‘ಕಾಲಾ ಪಿಯಾದಾ’ ಎಂದು ಕರೆದ ಈ ಕರಿಯ ಕಾಲಾಳುಗಳ ಗುರಿಗೆ ಅಂಜಿ ಮುತ್ತಿಗೆಯವರು ಹತ್ತಿರ ಸರಿಯುವುದೇ ಕಷ್ಟವಾಯಿತು. ಒಂದು ಗುಡ್ಡವನ್ನು ಮೊಗಲರು ಹಿಡಿದರೆ, ಬೇಡರು ಅವರನ್ನು ಅಲ್ಲಿಂದ ಓಡಿಸಿದರು. ಧನಾಜಿ ಜಾಧವನ ಮರಾಠರು ನಾಯಕನ ನೆರವಿಗೆ ಬಂದರು. ಕಡೆಗೆ ಜುಲ್ಫಿಕಾರ್ ಖಾನನನ್ನು ಕರೆಸಿ, ಸುತ್ತಣ ಗುಡ್ಡಗಳನ್ನೂ ಬಾವಿಗಳನ್ನೂ ಒಂದೊಂದಾಗಿ ಹಿಡಿಯಬೇಕಾಯಿತು. ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ, ಹಿಂದೆ ಉಳಿದ ಕೆಲವು ಬಂದೂಕಿನವರು ಗುಂಡು ಹಾರಿಸುತ್ತಿರುವಂತೆಯೇ, ನಾಯಕನೂ ಅವನವರೂ ಮರಾಠರೊಡನೆ ಹೊರಟುಹೋದರು. ಬಾದಶಹನಿಗೆ ದೊರೆತದ್ದು ಬರಿದಾದ ಕೋಟೆ. ಅದಕ್ಕೆ ಅವನು ‘ರಹಮಾನ್ ಬಕ್ಷ್’ ಎಂದು ಹೆಸರಿಟ್ಟನು. ಔರಂಗಜೇಬನು ತಾನೇ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಅನಂತರ ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗ ಕಾಯಿಲೆ ಬಿದ್ದನು. 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ನಾಯಕರ ವಂಶವಾದರೋ ಸುರಪುರದಲ್ಲಿ ಇನ್ನೂ ಒಂದೂವರೆ ಶತಮಾನ ಬಾಳಿತು.

ಇನ್ನು ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ಇಲ್ಲಿ ಬಂದೂಕೂ ಬದಲಾಯಿತು, ಕಾಲವೂ ಬದಲಾಯಿತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿಯಾದ ಅಲೆಕ್ಸಾಂಡರ್ ಫೋರ್ಸೈತನು, ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದಿನಿಂದ ಬಂದೂಕನ್ನು ಹೊತ್ತಿಸುವ ಉಪಾಯಕ್ಕೆ ಹಕ್ಕನ್ನು ಪಡೆದನು. ಇದರಿಂದ ಮುಂದೆ ಕೇಪಿನ ಬಂದೂಕು ಹುಟ್ಟಿತು. ಅವನಿಗೆ ಈ ಯೋಚನೆ ಬಂದದ್ದು ಯುದ್ಧದಲ್ಲಿ ಅಲ್ಲ, ಹಕ್ಕಿಬೇಟೆಯಲ್ಲಿ. ಚಕಮಕಿಯ ಬಂದೂಕಿನಲ್ಲಿ ಮೊದಲು ರಂಜಕವು ಭುಗಿಲೆನ್ನುವುದು, ಆಮೇಲೆ ಗುಂಡು ಹೊರಡುವುದು. ಅಷ್ಟರೊಳಗೆ ಹಕ್ಕಿಯು ಬೆದರಿ ಪಕ್ಕಕ್ಕೆ ತಿರುಗುವುದು. ಜಾಮಗಿಯಲ್ಲಿಯೂ ಈ ತಡ ಉಂಟು. ಬಂಡೆಯ ಮೇಲೆ ಕುಳಿತು ನಿಂತ ಗುರಿಯನ್ನು ನೋಡುವವನಿಗೆ ಅದು ಬಾಧಕವಲ್ಲ. ಹಾರುವುದನ್ನು ಹೊಡೆಯಬೇಕಾದವನಿಗೆ ಅದೇ ದೊಡ್ಡ ವಿಘ್ನ. ಕೇಪು ಬಂದ ಮೇಲೆ ಬೆರಳು ಎಳೆದುದಕ್ಕೂ ಚರೆ ಹೊರಟುದಕ್ಕೂ ನಡುವೆ ಅಂತರವೇ ಇಲ್ಲದಂತಾಯಿತು. ಹಾರುವ ಗುರಿಯ ವಿದ್ಯೆಯು ನೆಲೆಗೊಂಡದ್ದು ಇಲ್ಲಿಂದ. ಬಂದೂಕುಗಳು ಹಗುರವಾದವು, ಎರಡು ನಳಿಗೆಗಳನ್ನು ಜೋಡಿಸುವುದು ವಾಡಿಕೆಯಾಯಿತು, ಗುರಿಯಿಡುವವನು ನಿಶ್ಚಲನಾಗಿರುವುದಕ್ಕೆ ಬದಲಾಗಿ, ಇಡೀ ಮೈಯನ್ನು ತಿರುಗಿಸುತ್ತ ಗುರಿಯನ್ನು ಹಿಂಬಾಲಿಸುವುದನ್ನು ಕಲಿತನು.

ಆದರೆ ಬೇಡರಿಗೆ ಈ ಹೊಸ ಬಂದೂಕನ್ನು ಆರಿಸಿಕೊಳ್ಳುವ ಕಾಲ ಬರಲಿಲ್ಲ. ಸುರಪುರದ ದೊರೆ ವೆಂಕಟಪ್ಪನಾಯಕನು ಇನ್ನೂ ಬಾಲಕನಾಗಿದ್ದಾಗ, 1841ರಲ್ಲಿ, ಫಿಲಿಪ್ ಮೆಡೋಸ್ ಟೇಲರನು ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದನು. 1853ರವರೆಗೆ ಅಲ್ಲಿದ್ದು, ಲೆಕ್ಕಪತ್ರಗಳನ್ನು ತಿದ್ದಿ, ಹುಡುಗನನ್ನು ಮಗನಂತೆ ನೋಡಿಕೊಂಡನು. ಹುಡುಗನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಟೇಲರನು ಕಟ್ಟಿಸಿದ ಮನೆಯು ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲಿದೆ. ಅವನು ಹೊರಟುಹೋದ ನಾಲ್ಕು ವರ್ಷಗಳಿಗೆ ದೇಶದಲ್ಲಿ ದಂಗೆ ಎದ್ದಿತು. 1857ರಲ್ಲಿಯೇ ಸರ್ಕಾರವು ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನನ್ನು ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೋವಿಯನ್ನು ಒಪ್ಪಿಸಲೊಲ್ಲದೆ ನವೆಂಬರಿನಲ್ಲಿ ತಿರುಗಿಬಿದ್ದರು. ಊರು ಸುಟ್ಟುಹೋಯಿತು, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಕಥೆಯನ್ನು ಹೇಳುವ ಲಾವಣಿಯು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪ್ರಸಿದ್ಧವಾಗಿದೆ. ಬೇಟೆಯಿಂದ ಬದುಕುವವನಿಗೂ, ಮನೆತನದ ಗೌರವವನ್ನು ಆಯುಧದಲ್ಲಿ ಇಟ್ಟುಕೊಂಡವನಿಗೂ, ಕೋವಿಯನ್ನು ಕೊಟ್ಟುಬಿಡುವುದು ಒಂದು ಸಾಮಾನನ್ನು ಕೊಟ್ಟಂತಾಗಿರಲಿಲ್ಲ.

1858ರ ಫೆಬ್ರವರಿಯಲ್ಲಿ ಸುರಪುರದ ಸರದಿ ಬಂದಿತು. ಅಲ್ಲಿಗೆ ಬಂದಿಳಿದಿದ್ದ ಇಂಗ್ಲಿಷರ ದಂಡಿನ ಮೇಲೆ ನಾಯಕನವರು ರಾತ್ರಿ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಇಂಗ್ಲಿಷರಿಗೆ ಹೊಸ ಸೈನ್ಯದ ನೆರವು ಬಂದಿತು. ವಾಗಣಗೇರಿಯಲ್ಲಿ ಮೂರು ತಿಂಗಳು ತಡೆದ ಗುರಿಕಾರಿಕೆಯು ಇಲ್ಲಿ ಕೆಲವು ದಿನಗಳೂ ತಡೆಯಲಿಲ್ಲ. ಇಪ್ಪತ್ತು ದಾಟಿದ ತರುಣ ದೊರೆಯು ಇರುಳಿನಲ್ಲಿ ಹೊರಟು ಹೈದರಾಬಾದನ್ನು ಸೇರಿದನು; ಅಲ್ಲಿ ಸೆರೆಸಿಕ್ಕನು. ವಿಧಿಸಿದ್ದ ಮರಣದಂಡನೆಯು ಕಡಿಮೆಯಾಗುತ್ತ ಕಡೆಗೆ ನಾಲ್ಕು ವರ್ಷದ ಬಂಧನವಾಗಿ ಉಳಿಯಿತು. ಆ ಬಂಧನಕ್ಕೆ ಕರೆದೊಯ್ಯುತ್ತಿದ್ದಾಗ, ಮೇ ತಿಂಗಳಲ್ಲಿ, ಹೈದರಾಬಾದಿನ ಸಮೀಪದ ಅಂಬರಪೇಟೆಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಮಡಿದನು. ತಾನೇ ಹಾರಿಸಿಕೊಂಡನೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದನ್ನು ಒಪ್ಪದವರೂ ಉಂಟು. ಸುರಪುರವನ್ನು 1860ರ ಒಪ್ಪಂದದಂತೆ ನಿಜಾಮನಿಗೆ ಕೊಡಲಾಯಿತು. ಮುಂದೆ ಬ್ರಿಟಿಷ್ ಇಂಡಿಯಾದಲ್ಲಿ 1878ರ ಆಯುಧ ಕಾನೂನು ಬಂದು, ಬಂದೂಕು ಹಿಡಿಯುವುದಕ್ಕೆ ಸರ್ಕಾರದ ಪರವಾನಗಿಯೇ ಆಧಾರವಾಯಿತು.

ಇದೇ ಕಾಲದಲ್ಲಿ ಕನ್ನಡನಾಡಿನ ಇನ್ನೊಂದು ಮೂಲೆಯಲ್ಲಿ ಬೇರೊಂದು ನ್ಯಾಯ ನಡೆಯಿತು. ಸರ್ಕಾರದೊಡನೆ ಸ್ನೇಹದಿಂದಿದ್ದ ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನನು ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟನು. ಆ ವಿನಾಯಿತಿಯು ಇಂದಿಗೂ ನಡೆದುಬಂದಿದೆ. 2019ರಲ್ಲಿ ಭಾರತ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬದಂದು ಕೋವಿಗೆ ಪೂಜೆಮಾಡಿ, ಎತ್ತರದ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಡೆಸುತ್ತಾರೆ. ಬೇಟೆಯ ವಿದ್ಯೆ ಅಲ್ಲಿ ಆಟವಾಗಿ ಉಳಿದುಕೊಂಡಿತು. ಸುರಪುರದ ಸೀಮೆಯಲ್ಲಿ ಹಾಗೆ ಉಳಿಯುವುದಕ್ಕೆ ಎಡೆಯಾಗಲಿಲ್ಲ. ಎರಡು ಕಡೆಯೂ ಕೈ ಒಂದೇ ಬಗೆಯ ಕೈ, ಕಣ್ಣು ಒಂದೇ ಬಗೆಯ ಕಣ್ಣು. ಬೇರೆಯಾದದ್ದು ಆಳುವವರ ನಂಬಿಕೆ. ನಾವು ಬಂದೂಕಿನ ಆಯ್ಕೆಯನ್ನು ಕುರಿತು ಮಾತನಾಡುವಾಗ, ಆಯ್ದುಕೊಳ್ಳುವ ಅಧಿಕಾರವೇ ಎಲ್ಲರಿಗೂ ಸಮನಾಗಿ ದೊರೆತುದಲ್ಲವೆಂಬುದನ್ನು ಮರೆಯಲಾಗದು.

ಸುರಪುರವು ನಿಜಾಮನ ಕೈಯಲ್ಲಿದ್ದ ಆ ವರ್ಷಗಳಲ್ಲಿಯೇ ಪಶ್ಚಿಮ ದೇಶಗಳಲ್ಲಿ ಮಣ್ಣಿನ ಬಿಲ್ಲೆಯ ಆಟ ಹುಟ್ಟಿತು. ಮೊದಲು ಪಂಜರದಿಂದ ಬಿಟ್ಟ ಜೀವಂತ ಪಾರಿವಾಳಗಳನ್ನು ಹೊಡೆಯುತ್ತಿದ್ದರು. ಆಮೇಲೆ ಗಾಜಿನ ಗೋಲಗಳನ್ನು ಎಸೆದು ಹೊಡೆದರು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿಯು ಸುಟ್ಟ ಮಣ್ಣಿನ ಬಿಲ್ಲೆಗೆ ಹಕ್ಕನ್ನು ಪಡೆದನು. ಆ ಮೊದಲ ಬಿಲ್ಲೆಗಳು ಚರೆ ತಗುಲಿದರೆ ಒಡೆಯದೆ ಗಂಟೆಯಂತೆ ಸದ್ದುಮಾಡುತ್ತಿದ್ದುವಂತೆ. ಈಗಿನವುಗಳಲ್ಲಿ ಮಣ್ಣು ಹೆಸರಿಗೆ ಮಾತ್ರ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂತಹ ಅಂಟಿನೊಡನೆ ಬೆರೆಸಿ ಅಚ್ಚೊತ್ತಿದ, ಸುಮಾರು 11 ಸೆಂಟಿಮೀಟರ್ ಅಗಲದ, 105 ಗ್ರಾಂ ತೂಕದ ಬಿಲ್ಲೆಗಳು ಅವು. ನಮ್ಮ ದೇಶದಲ್ಲಿ ಬಿಕಾನೇರಿನ ಕರ್ಣಿಸಿಂಗರು 1962ರಲ್ಲಿ ಕೈರೋವಿನ ವಿಶ್ವಪಂದ್ಯದಲ್ಲಿ ಬೆಳ್ಳಿಯ ಪದಕವನ್ನು ಗೆದ್ದರು. 2004ರಲ್ಲಿ ಅಥೆನ್ಸಿನ ಒಲಿಂಪಿಕ್ ಪಂದ್ಯದಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡರು ಬೆಳ್ಳಿಯನ್ನು ಗೆದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಬೇಟೆಯ ಕಾಲ ಮುಗಿದ ಮೇಲೆ, ಚರೆಬಂದೂಕಿನ ವಿದ್ಯೆಗೆ ನಿಷ್ಕಳಂಕವಾದ ಆಶ್ರಯವೆಂದರೆ ಈ ಬಿಲ್ಲೆಯೇ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಹೊಸ ಬಂದೂಕನ್ನು ಕೊಳ್ಳುವವನು ಮೊದಲು ಗುರಿಯನ್ನು ವಿಚಾರಿಸಬೇಕು. ಟ್ರ್ಯಾಪ್ ಎಂಬ ಪಂದ್ಯದಲ್ಲಿ ಬಿಲ್ಲೆಯು ಎದುರಿನಿಂದ ಮೇಲೇರುತ್ತ ದೂರ ಸಾಗುವುದು. ಸ್ಕೀಟ್ ಎಂಬುದರಲ್ಲಿ ಎರಡು ಗೂಡುಗಳಿಂದ ಹೊರಟು ಮುಂದೆ ಅಡ್ಡವಾಗಿ ಹಾಯುವುದು. ಮೊದಲನೆಯದಕ್ಕೆ ಉದ್ದ ನಳಿಗೆಯ, ಸ್ವಲ್ಪ ಭಾರದ, ಚರೆಗಳನ್ನು ಒತ್ತಾಗಿ ಕಳುಹಿಸುವ ಕಿರಿದು ಬಾಯಿಯ ಬಂದೂಕು ಬೇಕು. ಎರಡನೆಯದಕ್ಕೆ ಬೇಗ ತಿರುಗುವ, ಚರೆಗಳನ್ನು ಅಗಲವಾಗಿ ಹರಡುವ ಬಾಯಿಯದು. ನಳಿಗೆಯ ಬಾಯನ್ನು ಹೀಗೆ ಕಿರಿದುಗೊಳಿಸುವುದನ್ನು ‘ಚೋಕ್’ ಎನ್ನುತ್ತಾರೆ. ಇದು 1860-70ರ ದಶಕಗಳಲ್ಲಿ ಬಳಕೆಗೆ ಬಂದ ಕೌಶಲ. ಎರಡನ್ನೂ ಆಡಬೇಕೆನ್ನುವವನು ಬಾಯಿಯ ಕೊಳವೆಯನ್ನು ಬದಲಿಸಬಹುದಾದ ಬಂದೂಕನ್ನು ನೋಡಬಹುದು. ಸಾಮಾನ್ಯವಾಗಿ ಎಲ್ಲರೂ ಹಿಡಿಯುವುದು ಹನ್ನೆರಡು ಬೋರಿನದು. ಒಂದು ಪೌಂಡು ಸೀಸದಿಂದ ಹನ್ನೆರಡು ಸಮನಾದ ಗುಂಡುಗಳನ್ನು ಮಾಡಿದರೆ, ಒಂದೊಂದು ಗುಂಡಿನ ಅಗಲವೇ ಈ ನಳಿಗೆಯ ಅಗಲ. ಒಂದು ನಳಿಗೆಯ ಮೇಲೆ ಇನ್ನೊಂದನ್ನು ಇಟ್ಟ ಬಂದೂಕಿನಲ್ಲಿ ಕಣ್ಣಿಗೆ ಒಂದೇ ಗೆರೆ ಕಾಣುವುದರಿಂದ ಬಹುಜನ ಅದನ್ನೇ ಮೆಚ್ಚುತ್ತಾರೆ.

ಗುರಿಯ ತರುವಾಯ ದೇಹ. ಚರೆಬಂದೂಕಿನಲ್ಲಿ ಹಿಂದಿನ ಗುರಿಕಣ್ಣು ಇರುವುದಿಲ್ಲ. ಹೊಡೆಯುವವನ ಕಣ್ಣೇ ಹಿಂದಿನ ಗುರಿಕಣ್ಣು. ಆದುದರಿಂದ ಹಿಂಬದಿಯ ಮರವು ಕೆನ್ನೆಗೂ ಭುಜಕ್ಕೂ ಸರಿಯಾಗಿ ಒಪ್ಪದಿದ್ದರೆ ಎಷ್ಟು ಬೆಲೆಯ ಬಂದೂಕಾದರೂ ವ್ಯರ್ಥ. ಕಣ್ಣುಮುಚ್ಚಿ ಬಂದೂಕನ್ನು ಭುಜಕ್ಕೆ ಏರಿಸಿ, ಆಮೇಲೆ ಕಣ್ಣುತೆರೆದು ನೋಡಬೇಕು. ನಳಿಗೆಯ ಗೆರೆಯು ಕಣ್ಣಿಗೆ ನೇರವಾಗಿ ಬಂದಿದ್ದರೆ ಅದು ನಮ್ಮ ಬಂದೂಕು. ಕತ್ತನ್ನು ಬಗ್ಗಿಸಿಯೋ ಚಾಚಿಯೋ ಹೊಂದಿಸಿಕೊಳ್ಳಬೇಕಾದರೆ ಮರವನ್ನು ತಿದ್ದಿಸಬೇಕು, ಇಲ್ಲವೆ ಬೇರೆ ಬಂದೂಕನ್ನು ನೋಡಬೇಕು. ಎರಡು ಕಣ್ಣುಗಳಲ್ಲಿ ಯಾವುದು ಪ್ರಧಾನವೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಹಗುರವಾದುದು ಅಂಗಡಿಯಲ್ಲಿ ಹಿತವಾಗಿ ತೋರಿದರೂ, ನೂರು ತೋಟೆಗಳನ್ನು ಹಾರಿಸುವ ಹೊತ್ತಿಗೆ ಅದರ ಒದೆತವು ಭುಜವನ್ನು ನೋಯಿಸುವುದು. ಮೂರೂವರೆ ಕಿಲೋಗ್ರಾಂಗೆ ಮೇಲ್ಪಟ್ಟ ಬಂದೂಕು ಈ ಆಟಕ್ಕೆ ತಕ್ಕದ್ದು. ಸಾಧ್ಯವಾದರೆ ಕ್ಲಬ್ಬಿನಲ್ಲಿ ಬೇರೆ ಬೇರೆ ಬಂದೂಕುಗಳನ್ನು ಹಾರಿಸಿ ನೋಡಿದ ಮೇಲೆಯೇ ಹಣ ಕೊಡುವುದು ಮೇಲು.

ಕಡೆಯದು ಅಪ್ಪಣೆ. 1959ರ ಆಯುಧ ಕಾನೂನಿನಂತೆ ಪರವಾನಗಿ ಇಲ್ಲದೆ ಇಂತಹ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿಯು ಸಾಮಾನ್ಯ ಪರವಾನಗಿದಾರನಿಗೆ ಎರಡು ಬಂದೂಕುಗಳ ಮಿತಿಯನ್ನು ಹಾಕಿದೆ. ಮನೆಯಲ್ಲಿ ಅದನ್ನು ಭದ್ರವಾಗಿ ಇಡುವ ಹೊಣೆಯೂ ಕೊಂಡವನದೇ. ಈ ಕಟ್ಟಳೆಗಳು ಬೇಸರ ತರಬಹುದು. ಆದರೆ ಇಂದು ಅರ್ಜಿಯನ್ನು ಹಿಡಿದು ಕಚೇರಿಗೆ ಹೋಗುವ ಸುರಪುರದ ಬೇಡನೂ ಬೆಂಗಳೂರಿನ ವಕೀಲನೂ ಅದೇ ಕಾನೂನಿನ ಮುಂದೆ ನಿಲ್ಲುತ್ತಾರೆ. 1857ರಲ್ಲಿ ಅಧಿಕಾರಿಯು ಬಂದದ್ದು ಇದ್ದ ಕೋವಿಯನ್ನು ಕಿತ್ತುಕೊಳ್ಳುವುದಕ್ಕೆ. ಇಂದು ಅವನೆದುರಿಗೆ ನಿಂತು ಕೇಳಿ, ಕಾರಣವನ್ನು ತಿಳಿಸಿ, ಪಡೆಯಬಹುದಾಗಿದೆ. ಇದು ಸಣ್ಣ ವ್ಯತ್ಯಾಸವಲ್ಲ.

ಯಾದಗಿರಿಯ ಕಡೆಗೆ ಹೋಗುವ ವಿದ್ಯಾವಂತರು ಸುರಪುರದಲ್ಲಿ ಟೇಲರ್ ಮಂಜಿಲನ್ನು ನೋಡಿ ಹಿಂದಿರುಗುವುದು ವಾಡಿಕೆ. ಅವರು ಇನ್ನು ಕೆಲವು ಮೈಲಿ ಪಶ್ಚಿಮಕ್ಕೆ ಹೋಗಿ ವಾಗಣಗೇರಿಯ ಬಂಡೆಗಳನ್ನೂ ಹತ್ತಿ ನೋಡಬೇಕೆಂದು ನಮ್ಮ ಬಿನ್ನಹ. ಅಲ್ಲಿ ನಿಂತು ಬಯಲನ್ನು ನೋಡಿದರೆ, ಉದ್ದ ನಳಿಗೆಯ ಆ ಭಾರವಾದ ಬಂದೂಕನ್ನು ಬೇಡರು ಏಕೆ ಅಷ್ಟು ಕಾಲ ಬಿಡಲಿಲ್ಲವೆಂಬುದು ಪುಸ್ತಕಗಳ ಸಹಾಯವಿಲ್ಲದೆಯೇ ಅರ್ಥವಾಗುತ್ತದೆ.